ನಮ್ಮ ಕಿಟಕಿಯ ಕಳ್ಳಿ

ಪರಸ್ಥಳದಲ್ಲಿ ಸಂಸಾರ ಹೂಡಿರುವ ನಮ್ಮಂಥವರಿಗೆ ಗಿಡ ಸಾಕುವುದೆಂದರೆ ಎರಡು ಅಡಚಣೆಗಳು. ಒಂದು, ಜಾಗವಿಲ್ಲ. ಇನ್ನೊಂದು, ವರ್ಷಕ್ಕೊಮ್ಮೆಯಾದರೂ ಊರಿಗೆ ಹೋಗಬೇಕು. ಜಾಗದ ಮಾತು ಹೇಗೋ ಆದೀತು. ಕಿಟಕಿಯ ಜಾಲರಿಯಲ್ಲಿ ನಾಲ್ಕು ಕುಂಡಗಳನ್ನು ಹೊಂದಿಸಿಕೊಳ್ಳಬಹುದು. ಆದರೆ ಮೇ ತಿಂಗಳಲ್ಲಿ ಮಕ್ಕಳಿಗೆ ರಜೆ ಬಂದು, ಮನೆಗೆ ಬೀಗ ಹಾಕಿ, ಮೂರು ವಾರ ಊರಿನಲ್ಲಿದ್ದು ಹಿಂದಿರುಗಿದಾಗ ಕಾಣುವ ನೋಟವನ್ನು ಬಲ್ಲವರೇ ಬಲ್ಲರು. ತುಳಸಿ ಕಡ್ಡಿಯಾಗಿರುತ್ತದೆ. ಗುಲಾಬಿ ಬುಡದವರೆಗೂ ಒಣಗಿರುತ್ತದೆ. ನೆರೆಮನೆಯವರಿಗೆ ಕೀಲಿಕೈ ಕೊಟ್ಟು ಹೋಗೋಣವೆಂದರೆ ಅವರಿಗೂ ಒಂದು ಊರುಂಟು, ಅವರಿಗೂ ಅದೇ ಮೇ ತಿಂಗಳು.

ಇಂಥ ಮನೆಗಳಿಗೆ ಹೇಳಿ ಮಾಡಿಸಿದ ಗಿಡವೆಂದರೆ ಕಳ್ಳಿ. ಅದು ದಿನದಿನವೂ ನೀರು ಕೇಳುವುದಿಲ್ಲ, ಹೆಚ್ಚು ಸ್ಥಳ ಬೇಡುವುದಿಲ್ಲ, ತಿಂಗಳುಗಟ್ಟಲೆ ಯಾರೂ ಮಾತನಾಡಿಸದಿದ್ದರೂ ಮುನಿಯುವುದಿಲ್ಲ. ಆದರೂ ಪೇಟೆಯಿಂದ ತಂದ ಕಳ್ಳಿಗಳಲ್ಲಿ ಎಷ್ಟೋ ವರ್ಷ ತುಂಬುವುದರೊಳಗೆ ಸಾಯುತ್ತವೆ. ಸಾಯುವುದು ಸಾಮಾನ್ಯವಾಗಿ ಅಲಕ್ಷ್ಯದಿಂದಲ್ಲ, ಅತಿ ಉಪಚಾರದಿಂದ. ನಮ್ಮ ಮೊದಲನೆಯ ಕಳ್ಳಿಯೂ ಹೀಗೆಯೇ ಹೋಯಿತು. ಆ ಸಂಗತಿಯನ್ನು ಮುಚ್ಚಿಡದೆ ಹೇಳಿದರೆ ನಾಲ್ವರಿಗೆ ಉಪಯೋಗವಾದೀತೆಂಬ ನಂಬಿಕೆಯಿಂದ ಈ ಲೇಖನವನ್ನು ಬರೆಯುತ್ತಿದ್ದೇವೆ.

ಯಾವುದು ಕಳ್ಳಿ?

ಮುಳ್ಳೂ ರಸವೂ ಉಳ್ಳ ಗಿಡವನ್ನೆಲ್ಲ ನಮ್ಮ ಜನ ಕಳ್ಳಿ ಎಂದೇ ಕರೆಯುತ್ತಾರೆ. ಆದರೆ ಸಸ್ಯಶಾಸ್ತ್ರದವರ ಲೆಕ್ಕ ಬೇರೆ. ನಮ್ಮ ಗುಡ್ಡಗಳಲ್ಲಿ ತಾನಾಗಿ ಬೆಳೆಯುವ ಎಲೆಗಳ್ಳಿ, ಚದುರಗಳ್ಳಿಗಳು ಮುರಿದರೆ ಹಾಲು ಸುರಿಸುತ್ತವೆ. ಇವು ಯೂಫೋರ್ಬಿಯ ಎಂಬ ಬೇರೆ ಕುಲಕ್ಕೆ ಸೇರಿದವು. ಈ ಹಾಲು ಕಣ್ಣಿಗೆ ಬಿದ್ದರೆ ಬಹಳ ಅಪಾಯ. ಮಕ್ಕಳಿರುವ ಮನೆಯಲ್ಲಿ ಇದನ್ನು ಮರೆಯಬಾರದು. ಕ್ಯಾಕ್ಟಸ್ ಎಂದು ಪೇಟೆಯಲ್ಲಿ ಮಾರುವ ನಿಜವಾದ ಕಳ್ಳಿಗಳ ಗುರುತು ಇನ್ನೊಂದು ಬಗೆಯದು. ಅವುಗಳ ಮೈಮೇಲೆ ಹತ್ತಿಯ ಚುಕ್ಕೆ ಇಟ್ಟಂತೆ ಸಣ್ಣ ಸಣ್ಣ ಮೆತ್ತೆಗಳಿರುತ್ತವೆ. ಮುಳ್ಳು, ಹೂವು, ಮರಿ ಎಲ್ಲವೂ ಆ ಮೆತ್ತೆಯಿಂದಲೇ ಹೊರಡುತ್ತವೆ. ಈ ಚುಕ್ಕೆ ಇದ್ದರೆ ಅದು ಕ್ಯಾಕ್ಟಸ್, ಇಲ್ಲದಿದ್ದರೆ ಅಲ್ಲ. ಲೋಳೆಸರವೂ ಕ್ಯಾಕ್ಟಸ್ ಅಲ್ಲ.

ಈ ಕುಲದ ತವರು ಅಮೆರಿಕ ಖಂಡಗಳು. ಆಫ್ರಿಕ, ಸಿಂಹಳಗಳಲ್ಲಿ ತಾನಾಗಿ ಬೆಳೆಯುವ ಒಂದೇ ಒಂದು ಜಾತಿಯನ್ನು ಬಿಟ್ಟರೆ ಉಳಿದವೆಲ್ಲವೂ ಅಲ್ಲಿಂದಲೇ ಹೊರಟವು. ನಮ್ಮ ಪಾಪಾಸುಕಳ್ಳಿಯೂ ಅಲ್ಲಿಯದೇ. ಉತ್ತರ ಕರ್ನಾಟಕದ ಕಡೆ ಇದನ್ನು ಡಬ್ಬಗಳ್ಳಿ ಎನ್ನುತ್ತಾರೆ. ಅದು ನಮ್ಮ ದೇಶದಲ್ಲಿ ಹರಡಿದ ಕಥೆ ಸ್ವಾರಸ್ಯವಾದುದು. ಪಾಪಾಸುಕಳ್ಳಿಯ ಮೇಲೆ ಬದುಕುವ ಒಂದು ಜಾತಿಯ ಹುಳುವನ್ನು ಅರೆದರೆ ಕಡುಗೆಂಪು ಬಣ್ಣ ದೊರೆಯುತ್ತದೆ. ಆ ಬಣ್ಣದ ವ್ಯಾಪಾರದ ಆಸೆಯಿಂದ ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿ, ೧೭೯೫ರಲ್ಲಿ, ಬ್ರೆಜಿಲ್ಲಿನಿಂದ ಹುಳುಗಳನ್ನು ಬಂಗಾಳಕ್ಕೆ ತಂದರು. ಆದರೆ ಬಂದದ್ದು ಒಳ್ಳೆಯ ಬಣ್ಣ ಕೊಡುವ ಹುಳುವಲ್ಲ, ಅದರ ದಾಯಾದಿ. ಬಣ್ಣದ ವ್ಯಾಪಾರ ಕುದುರಲಿಲ್ಲ. ಹುಳು ಮಾತ್ರ ಒಂದು ಜಾತಿಯ ಪಾಪಾಸುಕಳ್ಳಿಯನ್ನು ತಿಂದು ಮುಗಿಸಿತು. ಆ ಹುಳು ಮುಟ್ಟದ ಬೇರೆ ಜಾತಿಯ ಕಳ್ಳಿ ದಕ್ಷಿಣದ ಹೊಲ ಗೋಮಾಳಗಳನ್ನು ಆಕ್ರಮಿಸಿದಾಗ, ೧೯೨೬ರಲ್ಲಿ ಸಿಂಹಳದಿಂದ ಇನ್ನೊಂದು ಜಾತಿಯ ಹುಳುವನ್ನು ತಂದು ಬಿಟ್ಟರು. ಅದರಿಂದ ಆ ಕಳ್ಳಿಯ ಹಾವಳಿಯೂ ಇಳಿಯಿತು. ಬೇಲಿಯ ಕಳ್ಳಿಯ ಮೇಲೆ ಬಿಳಿಯ ಬೂಷ್ಟಿನಂತೆ ಕೂತಿರುವ ಹುಳುವನ್ನು ಹಿಸುಕಿ, ಆ ಕೆಂಪನ್ನು ಹಣೆಗೆ ಹಚ್ಚಿಕೊಂಡು ಆಡಿದ ನೆನಪು ನಮ್ಮ ಅವ್ವನಿಗೆ ಈಗಲೂ ಇದೆ.

ಇನ್ನೊಂದು ಮಾತು ಕೇಳಿದರೆ ಓದುಗರಲ್ಲಿ ಕೆಲವರಿಗೆ ಆಶ್ಚರ್ಯವಾಗಬಹುದು. ನಮ್ಮ ಮನೆಗಳಲ್ಲಿ ಬ್ರಹ್ಮಕಮಲವೆಂದು ಸಾಕಿ, ನಡುರಾತ್ರಿ ಅರಳಿದಾಗ ನೆರೆಹೊರೆಯವರನ್ನೆಲ್ಲ ಕರೆದು ಆರತಿ ಎತ್ತುತ್ತೇವಷ್ಟೆ, ಅದೂ ಒಂದು ಕ್ಯಾಕ್ಟಸ್ಸೇ. ಹಿಮಾಲಯದಲ್ಲಿ ಬೆಳೆಯುವ ಬ್ರಹ್ಮಕಮಲವೇ ಬೇರೆ. ಮುಳ್ಳಿನ ಜಾತಿ ಮನೆಗೆ ಆಗದೆನ್ನುವವರ ಮನೆಗೆ ಅದು ಎಂದೋ ಬಂದು ಕೂತಿದೆ.

ನಮ್ಮ ಮೊದಲ ಕಳ್ಳಿ

ನಮ್ಮ ಮನೆ ಡೊಂಬಿವಲಿಯಲ್ಲಿ, ಎರಡನೆಯ ಮಾಳಿಗೆಯ ಮೇಲೆ. ೨೦೧೯ರ ಸಂಕ್ರಾಂತಿಯ ಸುಮಾರಿಗೆ ರೈಲು ನಿಲ್ದಾಣದ ಹೊರಗೆ ಗಿಡ ಮಾರುವವನಿಂದ ಅರವತ್ತು ರೂಪಾಯಿಗೆ ಒಂದು ಕಳ್ಳಿಯನ್ನು ಕೊಂಡು ತಂದೆವು. ಮುಸುಂಬಿಯಷ್ಟು ದೊಡ್ಡದು, ಗುಂಡಗೆ, ಮೈಮೇಲೆ ಕುಂಬಳಕಾಯಿಗಿರುವಂತೆ ಏಣುಗಳು. ಬುಡದಲ್ಲಿ ನಿಂಬೆಕಾಯಿಗಿಂತ ಚಿಕ್ಕದಾದ ಒಂದು ಮರಿ. ಎಕಿನಾಪ್ಸಿಸ್ ಎಂಬುದು ಅದರ ಹೆಸರೆಂದು ಆಮೇಲೆ ತಿಳಿಯಿತು. ಇಷ್ಟು ಅಂದವಾದ ಗಿಡಕ್ಕೆ ಅಂದವಾದ ಕುಂಡ ಬೇಡವೆ? ಗಿಡದ ನಾಲ್ಕರಷ್ಟು ಬೆಲೆ ಕೊಟ್ಟು ನೀಲಿ ಹೂವಿನ ಪಿಂಗಾಣಿ ಬೋಗುಣಿಯೊಂದನ್ನು ತಂದು ಅದರಲ್ಲಿ ನೆಟ್ಟೆವು.

ಅದೇ ವರ್ಷ ತಂದೆಯವರು ತೀರಿಕೊಂಡರು. ಗದಗಿನ ಕಡೆಯ ಹಳ್ಳಿಯಲ್ಲಿ ಅವ್ವ ಒಬ್ಬಳೇ ಇರುವುದು ಬೇಡವೆಂದು ಜೂನ್ ತಿಂಗಳಲ್ಲಿ ಆಕೆಯನ್ನು ಕರೆದುಕೊಂಡು ಬಂದೆವು. ನಾವು ಕಚೇರಿಗೆ, ನಮ್ಮಾಕೆ ಶಾಲೆಯ ಕೆಲಸಕ್ಕೆ, ಮಗಳು ಓದಿಗೆ ಎಂದು ಹೊರಟುಬಿಟ್ಟರೆ ಅವ್ವನಿಗೆ ಉಳಿಯುತ್ತಿದ್ದುದು ನಾಲ್ಕು ಗೋಡೆ, ಒಂದು ಕಿಟಕಿ. ಹೊರಗೆ ಇಳಿದರೆ ಭಾಷೆ ಬಾರದು. ಊರಿನಲ್ಲಿ ಬೆಳಗಾದರೆ ಅಂಗಳ, ದನ, ಹಿತ್ತಿಲು ಎಂದು ಮೈಮುರಿದು ದುಡಿದ ಕೈಗಳು. ಇಲ್ಲಿ ಆಕೆ ಕಂಡುಕೊಂಡ ಕೆಲಸ ಒಂದೇ: ಬೆಳಿಗ್ಗೆ ಎದ್ದು ಕಿಟಕಿಯ ಗಿಡಗಳಿಗೆಲ್ಲ ನೀರು ಹಾಕುವುದು. ಕಳ್ಳಿಗೂ ತುಳಸಿಗೆ ಹಾಕಿದಷ್ಟೇ.

ನಮ್ಮಾಕೆ ಒಮ್ಮೆ ಎರಡು ಸಲ ಬೇಡವೆಂದಳು. ಅವ್ವನ ಉತ್ತರ ಸಿದ್ಧವಿತ್ತು:

"ಅದಕ್ಕೂ ಜೀವ ಅದ ಅಲ್ಲೇನವಾ? ಎಲ್ಲಾರಿಗೂ ಉಣ್ಣಾಕ ಇಕ್ಕಿ ಒಬ್ಬರನ್ನ ಉಪಾಸ ಕೂಡಸತಾರೇನ?"

ಶ್ರಾವಣದ ಮಳೆ ಹಿಡಿದಿತ್ತು. ಒಂದು ದಿನ ಸಂಜೆ ಕಚೇರಿಯಿಂದ ಬಂದು ನೋಡುತ್ತೇವೆ, ಕಳ್ಳಿ ಒಂದು ಪಕ್ಕಕ್ಕೆ ವಾಲಿದೆ. ಬೆರಳು ತಾಗಿಸಿದರೆ ಕೊಳೆತ ಟೊಮ್ಯಾಟೊದಂತೆ ಒಳಗೆ ಹೋಯಿತು. ರೈಲಿನ ನೂಕುನುಗ್ಗಲಲ್ಲಿ ಒಂದೂವರೆ ಗಂಟೆ ನಿಂತು ಬಂದ ದಣಿವೂ ಇತ್ತು. ಬಾಯಿಗೆ ಬಂದ ಮಾತನ್ನು ಆಡಿಬಿಟ್ಟೆವು:

"ಇದು ಊರಾಗಿನ ಹೊಲ ಅಲ್ಲಬೇ. ನಿನಗ ಗೊತ್ತಿಲ್ಲದ್ದನ್ನ ಯಾಕ ಮುಟ್ಟತೀ?"

ಅವ್ವ ತಿರುಗಿ ಮಾತಾಡಲಿಲ್ಲ. ಮರುದಿನದಿಂದ ಆಕೆ ಯಾವ ಕುಂಡಕ್ಕೂ ನೀರು ಹಾಕಲಿಲ್ಲ. ಕಳ್ಳಿಗಷ್ಟೇ ಅಲ್ಲ, ತುಳಸಿಗೂ ಹಾಕಲಿಲ್ಲ. ಮೂರು ದಿನವಾದ ಮೇಲೆ ತುಳಸಿಯ ಎಲೆ ಬಾಡಿದುದನ್ನು ಕಂಡಾಗ ನಾವು ಮಾಡಿದ್ದು ಏನೆಂಬುದು ನಮಗೆ ಹೊಳೆಯಿತು.

ಭಾನುವಾರ ಆ ಪಿಂಗಾಣಿ ಬೋಗುಣಿಯನ್ನು ಮಗುಚಿ ಹಾಕಿದೆವು. ತಳದಲ್ಲಿ ಎರಡು ಬೆರಳು ನೀರು ನಿಂತು ನಾರುತ್ತಿತ್ತು. ಬೋಗುಣಿಗೆ ತೂತೇ ಇರಲಿಲ್ಲ! ಅವ್ವ ವಾರಕ್ಕೊಮ್ಮೆ ನೀರು ಹಾಕಿದ್ದರೂ ಆ ಮಳೆಗಾಲವನ್ನು ಆ ಗಿಡ ದಾಟುತ್ತಿರಲಿಲ್ಲ. ಅಡುಗೆಮನೆಯಲ್ಲಿದ್ದ ಆಕೆಯನ್ನು ಕರೆದು ತೋರಿಸಿದೆವು. "ತಪ್ಪು ನಿನ್ನದಲ್ಲಬೇ, ನಮ್ಮದು. ಕುಂಡಕ್ಕ ತೂತ ಇಲ್ಲ" ಎಂದೆವು. ಅವ್ವ ಬೋಗುಣಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಮಣ್ಣಿನ ಕುಂಡ ತಂದಿದ್ದರ ಮೂವತ್ತ ರೂಪಾಯಿದಾಗ ಮುಗೀತಿತ್ತು" ಎಂದಳು.

ಬುಡದ ಮರಿ ಇನ್ನೂ ಗಟ್ಟಿಯಾಗಿತ್ತು. ನಾವು ಅದನ್ನು ಕಿತ್ತು ಒಡನೆಯೇ ಮಣ್ಣಿಗೆ ಇಡಹೊರಟಾಗ ಅವ್ವ ತಡೆದಳು. "ಬೇಲಿಗೆ ಕಳ್ಳಿ ಹಚ್ಚೂಮುಂದ ಕಡದು ಎಂಟ ದಿನಾ ಹಂಗ ಬಿಡತಿದ್ವಿ. ಗಾಯ ಒಣಗಬೇಕು. ಹಸೀದು ಊರಿದರ ಕೊಳೀತದ." ಈ ಮಾತನ್ನು ನಾವು ಆಮೇಲೆ ಪುಸ್ತಕದಲ್ಲಿಯೂ ಓದಿದೆವು, ಅಕ್ಷರಶಃ ಸರಿ. ಗೊತ್ತಿಲ್ಲದ್ದನ್ನು ಮುಟ್ಟಿದವರು ಯಾರೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ಮರಿಯನ್ನು ಎಂಟು ದಿನ ನೆರಳಿನಲ್ಲಿ ಒಣಗಿಸಿ ನೆಟ್ಟವಳು ಅವ್ವ. ಅಲ್ಲಿಂದಾಚೆಗೆ ಅದು ಅವ್ವನ ಕಳ್ಳಿ.

ಕಡಿಮೆ ನೀರಿನ ಗುಟ್ಟು

ಕಳ್ಳಿಗೆ ನೀರು ಏಕೆ ಸಾಕಾಗುತ್ತದೆಂಬುದನ್ನು ತಿಳಿದುಕೊಂಡರೆ ಅದನ್ನು ಸಾಕುವ ಬಗೆ ತಾನಾಗಿ ತಿಳಿಯುತ್ತದೆ. ಬೇರೆ ಗಿಡಗಳ ನೀರು ಹೆಚ್ಚಾಗಿ ಎಲೆಗಳಿಂದ ಆವಿಯಾಗಿ ಹೋಗುತ್ತದೆ. ಕಳ್ಳಿಗೆ ಎಲೆಗಳೇ ಇಲ್ಲ. ಅದರ ಎಲೆಗಳೇ ಮುಳ್ಳಾಗಿ ಮಾರ್ಪಟ್ಟಿವೆ. ಎಲೆಯ ಕೆಲಸವನ್ನು ಹಸಿರು ಕಾಂಡ ವಹಿಸಿಕೊಂಡಿದೆ. ಕಾಂಡದ ಮೇಲೆ ಮೇಣದಂಥ ಹೊದಿಕೆ, ಒಳಗೆ ನೀರಿನ ಸಂಗ್ರಹ. ನೀರು ತುಂಬಿದಾಗ ಉಬ್ಬುವುದಕ್ಕೂ ಕಡಿಮೆಯಾದಾಗ ಮಡಿಚಿಕೊಳ್ಳುವುದಕ್ಕೂ ಅನುಕೂಲವಾಗುವಂತೆ ಹಾರ್ಮೋನಿಯಂ ಪೆಟ್ಟಿಗೆಯ ತಿದಿಯ ಹಾಗೆ ಏಣುಗಳಿವೆ. ಇದಕ್ಕಿಂತಲೂ ಜಾಣತನದ ಕೆಲಸವೆಂದರೆ, ಹೆಚ್ಚಿನ ಗಿಡಗಳು ಹಗಲು ತಮ್ಮ ಮೈಯ ಸೂಕ್ಷ್ಮರಂಧ್ರಗಳನ್ನು ತೆರೆದರೆ ಕಳ್ಳಿ ರಾತ್ರಿಯ ತಂಪಿನಲ್ಲಿ ತೆರೆಯುತ್ತದೆ. ಆಗ ಒಳಗೆ ತೆಗೆದುಕೊಂಡ ಇಂಗಾಲಾಮ್ಲವಾಯುವನ್ನು ಆಮ್ಲದ ರೂಪದಲ್ಲಿ ಕೂಡಿಟ್ಟುಕೊಂಡು, ಹಗಲು ಬಾಗಿಲು ಮುಚ್ಚಿ, ಬಿಸಿಲಿನ ಬಲದಿಂದ ಆಹಾರ ತಯಾರಿಸಿಕೊಳ್ಳುತ್ತದೆ.

ಹೀಗೆ ಮಿತವ್ಯಯದ ಸಂಸಾರ ನಡೆಸುವ ಗಿಡಕ್ಕೆ ನಿತ್ಯ ನೀರು ಹೊಯ್ದರೆ ಅದು ಏನು ಮಾಡಬೇಕು? ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. ಸದಾ ಒದ್ದೆಯಾದ ಮಣ್ಣಿನಲ್ಲಿ ಗಾಳಿ ಇರುವುದಿಲ್ಲ. ಬೇರು ಉಸಿರುಕಟ್ಟಿ ಕೊಳೆಯುತ್ತದೆ. ಕೊಳೆತ ಮೇಲೇರಿ ನಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ಕಾಲ ಮಿಂಚಿರುತ್ತದೆ.

ಕುಂಡ ಮತ್ತು ಮಣ್ಣು

ಕುಂಡ ಮಣ್ಣಿನದಿರಲಿ, ತಳದಲ್ಲಿ ತೂತಿರಲಿ. ಗಿಡದ ಅಗಲಕ್ಕಿಂತ ಒಂದು ಅಂಗುಲ ಹೆಚ್ಚು ಅಗಲವಾಗಿದ್ದರೆ ಸಾಕು. ದೊಡ್ಡ ಕುಂಡದ ಮಣ್ಣು ಒಣಗಲು ಬಹಳ ದಿನ ಬೇಕು. ಅದು ಉಪಕಾರವಲ್ಲ, ಅಪಕಾರ. ಅಂದದ ಪಿಂಗಾಣಿ ಬೇಕೇ ಬೇಕೆಂದರೆ ಮಣ್ಣಿನ ಕುಂಡವನ್ನು ಅದರೊಳಗೆ ಇಟ್ಟು, ನೀರು ಹಾಕುವಾಗ ಹೊರಗೆ ತೆಗೆಯಿರಿ.

ಮಾರುವವರು ಸಾಮಾನ್ಯವಾಗಿ ಕಳ್ಳಿಯನ್ನು ತೆಂಗಿನ ನಾರಿನ ಪುಡಿಯಲ್ಲಿ ಬೆಳೆಸಿರುತ್ತಾರೆ. ಅದು ಹಗುರ, ಸಾಗಿಸಲು ಸುಲಭ. ಆದರೆ ನೀರನ್ನು ಬಹಳ ದಿನ ಹಿಡಿದಿಡುತ್ತದೆ. ತಂದ ಎರಡು ವಾರದೊಳಗೆ ಮಣ್ಣು ಬದಲಾಯಿಸುವುದು ಮೇಲು. ನಮ್ಮ ಮನೆಯ ಅಳತೆ ಹೀಗೆ: ಕೆಂಪು ಮಣ್ಣು ಒಂದು ಪಾಲು, ಚೆನ್ನಾಗಿ ಕಳಿತ ಗೊಬ್ಬರ ಒಂದು ಪಾಲು, ದಪ್ಪ ಮರಳು ಮತ್ತು ಜೋಳದ ಕಾಳಿನಷ್ಟು ದೊಡ್ಡದಾಗಿ ಜಜ್ಜಿದ ಇಟ್ಟಿಗೆ ಚೂರು ಸೇರಿ ಎರಡು ಪಾಲು. ಇಟ್ಟಿಗೆಯ ನಯವಾದ ಪುಡಿಯನ್ನು ಜರಡಿ ಹಿಡಿದು ತೆಗೆದುಬಿಡಬೇಕು. ಸಮುದ್ರದಂಡೆಯ ಮರಳನ್ನು ಮಾತ್ರ ತರಬೇಡಿ. ಅದರ ಉಪ್ಪು ಬೇರಿಗೆ ವಿಷ. ಮಿಶ್ರಣವನ್ನು ಒದ್ದೆ ಮಾಡಿ ಮುಷ್ಟಿಯಲ್ಲಿ ಹಿಡಿದು ಬಿಟ್ಟಾಗ ಉಂಡೆಯಾಗದೆ ಉದುರಿದರೆ ಹದ ಸರಿಯಾಗಿದೆ ಎಂದು ತಿಳಿಯಿರಿ.

ಗಿಡವನ್ನು ಬರಿಗೈಯಲ್ಲಿ ಹಿಡಿಯಬೇಡಿ. ಹಳೆಯ ವೃತ್ತಪತ್ರಿಕೆಯ ಹಾಳೆಯನ್ನು ನಾಲ್ಕಾರು ಮಡಿಕೆ ಮಡಿಸಿ ಪಟ್ಟಿ ಮಾಡಿ, ಗಿಡದ ನಡುವಿಗೆ ಸುತ್ತಿ, ಎರಡೂ ತುದಿಗಳನ್ನು ಹಿಡಿದು ಎತ್ತಿದರೆ ಗಿಡಕ್ಕೂ ನೋವಿಲ್ಲ, ಕೈಗೂ ನೋವಿಲ್ಲ. ಹೊಸ ಮಣ್ಣಿಗೆ ನೆಟ್ಟ ಮೇಲೆ ಒಂದು ವಾರ ನೀರು ಹಾಕಬಾರದು. ನೆಡುವಾಗ ತುಂಡಾದ ಬೇರುಗಳ ಗಾಯ ಅಷ್ಟರಲ್ಲಿ ಮಾಯುತ್ತದೆ.

ಬೆಳಕು

ಕಡಿಮೆ ನೀರು ಬೇಕೆಂಬುದರಿಂದ ಕಡಿಮೆ ಬೆಳಕೂ ಸಾಕೆಂದು ಬಹಳ ಮಂದಿ ತಿಳಿಯುತ್ತಾರೆ. ಇದು ದೊಡ್ಡ ತಪ್ಪು. ಕಳ್ಳಿ ಬಿಸಿಲಿನ ಮಗು. ಟೀಪಾಯಿಯ ಮೇಲೆ, ಪುಸ್ತಕದ ಕಪಾಟಿನ ಮೇಲೆ, ಕಚೇರಿಯ ಕಡತಗಳ ನಡುವೆ ಇಟ್ಟ ಕಳ್ಳಿ ಬದುಕುತ್ತಿಲ್ಲ, ನಿಧಾನವಾಗಿ ಸಾಯುತ್ತಿದೆ. ಕೂಡಿಟ್ಟ ಗಂಟಿನಿಂದ ಕೆಲವು ತಿಂಗಳು ತಳ್ಳುವುದರಿಂದ ನಮಗೆ ತಿಳಿಯುವುದಿಲ್ಲ, ಅಷ್ಟೆ. ಬೆಳಕು ಸಾಲದ ಕಳ್ಳಿಯ ತುದಿ ಬಿಳುಚಿಕೊಂಡು, ಸಣ್ಣಗಾಗಿ, ಕಿಟಕಿಯ ಕಡೆಗೆ ಕತ್ತು ಚಾಚುತ್ತದೆ. ಹಾಗೆ ಸೊರಗಿ ಬೆಳೆದ ಭಾಗ ಮತ್ತೆ ಗುಂಡಾಗುವುದಿಲ್ಲ.

ಕುಂಡ ಇಡಬೇಕೆಂದಿರುವ ಜಾಗದಲ್ಲಿ ನಡುಹಗಲು ಕೈಯನ್ನು ಅಡ್ಡ ಹಿಡಿಯಿರಿ. ನೆರಳು ಅಂಚು ಕೊರೆದಂತೆ ಸ್ಪಷ್ಟವಾಗಿ ಬಿದ್ದರೆ ಆ ಜಾಗ ಒಳ್ಳೆಯದು. ಮಸುಕು ಮಸುಕಾದರೆ ಸಾಲದು. ದಿನಕ್ಕೆ ನಾಲ್ಕು ಗಂಟೆಯ ನೇರ ಬಿಸಿಲು ದೊರೆತರೆ ಬಹಳ ಚೆನ್ನ. ಮುಂಬಯಿಯಂಥ ಊರಿನಲ್ಲಿ ದಕ್ಷಿಣದ ಕಿಟಕಿಗೆ ಚಳಿಗಾಲದಲ್ಲಿ ಬಿಸಿಲು ಬರುತ್ತದೆ, ಜೂನಿನಲ್ಲಿ ಸೂರ್ಯ ನೆತ್ತಿಯನ್ನು ದಾಟಿ ಉತ್ತರಕ್ಕೆ ಸರಿಯುವುದರಿಂದ ಬರುವುದಿಲ್ಲ. ಪೂರ್ವ ಅಥವಾ ಪಶ್ಚಿಮದ ಕಿಟಕಿ ವರ್ಷವಿಡೀ ಆಗುತ್ತದೆ. ವಾರಕ್ಕೊಮ್ಮೆ ಕುಂಡವನ್ನು ಕಾಲು ಸುತ್ತು ತಿರುಗಿಸುತ್ತಿದ್ದರೆ ಗಿಡ ಓರೆಯಾಗುವುದಿಲ್ಲ. ನೆರಳಿನಲ್ಲಿದ್ದ ಗಿಡವನ್ನು ಒಮ್ಮೆಲೇ ಸುಡುಬಿಸಿಲಿಗೆ ಒಡ್ಡಿದರೆ ಮೈಮೇಲೆ ಬಿಳಿಯ ಸುಟ್ಟ ಕಲೆ ಬೀಳುತ್ತದೆ; ಹತ್ತು ಹದಿನೈದು ದಿನಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಅಭ್ಯಾಸ ಮಾಡಿಸಬೇಕು.

ನೀರು

ನೀರಿನ ಬಗ್ಗೆ ಸೂತ್ರ ಒಂದೇ: ಹಾಕಿದರೆ ಹೊಟ್ಟೆ ತುಂಬ, ಆಮೇಲೆ ಪೂರ್ತಿ ಒಣಗುವ ತನಕ ಉಪವಾಸ. ದಿನಕ್ಕೆರಡು ಚಮಚ ಹಾಕುವುದು ಎರಡಕ್ಕೂ ಕೇಡು. ಮೇಲ್ಮಣ್ಣು ಸದಾ ಒದ್ದೆ, ಬೇರಿನ ತುದಿ ಸದಾ ಒಣ. ತಳದ ತೂತಿನಿಂದ ನೀರು ಹರಿದು ಬರುವಂತೆ ಹಾಕಿ, ತಟ್ಟೆಯಲ್ಲಿ ನಿಂತುದನ್ನು ಚೆಲ್ಲಿಬಿಡಿ. ಗಿಡದ ನೆತ್ತಿಯ ಮೇಲೆ ಹೊಯ್ಯಬೇಡಿ, ಬುಡದ ಮಣ್ಣಿಗೆ ಹಾಕಿ.

ಒಣಗಿದೆಯೆಂದು ತಿಳಿಯುವುದು ಹೇಗೆ? ಇದಕ್ಕೆ ಅವ್ವ ಕಂಡುಹಿಡಿದ ಉಪಾಯವನ್ನು ಇಲ್ಲಿ ಬರೆಯಲು ನಮಗೆ ಸಂತೋಷವಾಗುತ್ತದೆ. ತೆಂಗಿನ ಕಸಬರಿಗೆಯ ಒಂದು ಕಡ್ಡಿಯನ್ನು ಕುಂಡದ ಅಂಚಿನಲ್ಲಿ ತಳ ಮುಟ್ಟುವಂತೆ ಚುಚ್ಚಿ, ಐದು ನಿಮಿಷ ಬಿಟ್ಟು ತೆಗೆಯಬೇಕು. ಇಡ್ಲಿ ಬೆಂದಿದೆಯೇ ಎಂದು ನೋಡುವ ಹಾಗೆಯೇ. ಕಡ್ಡಿಗೆ ಮಣ್ಣು ಅಂಟಿಕೊಂಡರೆ ನೀರು ಬೇಡ. ಒಣಗಿದ ಕಡ್ಡಿ ಒಣಗಿದಂತೆಯೇ ಬಂದರೆ ಹಾಕಬಹುದು. ಈಗ ಪ್ರತಿ ಸೋಮವಾರ ಬೆಳಿಗ್ಗೆ ಅವ್ವ ಕಡ್ಡಿ ಹಿಡಿದು ಕುಂಡ ಕುಂಡವನ್ನೂ ಪರೀಕ್ಷಿಸುತ್ತಾಳೆ. ಆಕೆಯ ಅಪ್ಪಣೆಯಿಲ್ಲದೆ ನಮ್ಮ ಮನೆಯಲ್ಲಿ ಯಾರೂ ಯಾವ ಗಿಡಕ್ಕೂ ಹನಿ ನೀರು ಹಾಕುವಂತಿಲ್ಲ.

ಸ್ಥೂಲವಾಗಿ ಹೇಳುವುದಾದರೆ ಬೇಸಿಗೆಯಲ್ಲಿ ಎಂಟು ಹತ್ತು ದಿನಕ್ಕೊಮ್ಮೆ, ಚಳಿಗಾಲದಲ್ಲಿ ಮೂರು ವಾರಕ್ಕೊಮ್ಮೆ. ಮಳೆಗಾಲದಲ್ಲಿ ಗಾಳಿಯೇ ಒದ್ದೆಯಾಗಿರುವುದರಿಂದ ತಿಂಗಳಿಗೊಮ್ಮೆ ಹಾಕಿದರೂ ಸಾಕು, ಹಾಕದಿದ್ದರೂ ನಡೆದೀತು. ಇದರಲ್ಲಿ ಊರಿಂದೂರಿಗೆ ವ್ಯತ್ಯಾಸವುಂಟು. ಮುಂಬಯಿ, ಪುಣೆ, ಹೈದರಾಬಾದುಗಳವರಿಗೆ ಜೂನ್‌ನಿಂದ ಸೆಪ್ಟೆಂಬರ್ ತನಕ ಎಚ್ಚರಿಕೆಯ ಕಾಲ. ಅದರಲ್ಲಿಯೂ ಮುಂಬಯಿಯವರು ಜುಲೈಯಲ್ಲಿ ಕುಂಡವನ್ನು ಎರಚಲು ತಾಗದ ಕಡೆಗೆ ಸರಿಸಬೇಕು. ಚೆನ್ನೈಯವರಿಗೆ ದೊಡ್ಡ ಮಳೆ ಬರುವುದು ಅಕ್ಟೋಬರಿನಿಂದ ಡಿಸೆಂಬರಿಗೆ. ದೆಹಲಿಯವರ ಕಷ್ಟ ಎರಡು ಬಗೆ: ಮೇ ಜೂನ್‌ಗಳ ಬಿಸಿಗಾಳಿಯಲ್ಲಿ ಮಧ್ಯಾಹ್ನದ ಬಿಸಿಲಿಗೆ ತೆಳ್ಳನೆಯ ಬಟ್ಟೆಯ ಮರೆ ಬೇಕು, ಡಿಸೆಂಬರ್ ಜನವರಿಗಳ ಕೊರೆಯುವ ಚಳಿಯಲ್ಲಿ ಮಣ್ಣು ಒಣಗಿರಬೇಕು. ಒಣ ಮಣ್ಣಿನಲ್ಲಿರುವ ಕಳ್ಳಿ ಚಳಿಯನ್ನು ತಡೆಯುತ್ತದೆ, ಒದ್ದೆ ಮಣ್ಣಿನಲ್ಲಿರುವುದು ತಡೆಯುವುದಿಲ್ಲ.

ಈಚೆಗೆ ಮನೆಮನೆಗಳಲ್ಲಿರುವ ನೀರು ಶುದ್ಧಿ ಮಾಡುವ ಯಂತ್ರಗಳು ಹೊರಬಿಡುವ ನೀರನ್ನು ಕೆಲವರು ಉಳಿತಾಯವೆಂದು ಗಿಡಕ್ಕೆ ಹಾಕುತ್ತಾರೆ. ಆ ನೀರಿನಲ್ಲಿ ಲವಣಗಳು ಹೆಚ್ಚು. ಅದನ್ನು ನೆಲ ಒರೆಸಲು ಬಳಸಿ, ಕುಂಡಕ್ಕೆ ಬೇಡ.

ಕೊಳ್ಳುವಾಗ, ರೋಗ ಬಂದಾಗ

ಅಂಗಡಿಗಳಲ್ಲಿ ಹಸಿರು ಕಂಬದ ಮೇಲೆ ಕೆಂಪು ಅಥವಾ ಹಳದಿ ಚೆಂಡು ಕೂರಿಸಿದಂಥ ಕಳ್ಳಿಯನ್ನು ನೋಡಿರಬಹುದು. ಇದು ಎರಡು ಗಿಡಗಳ ಕಸಿ. ಮೇಲಿನ ಚೆಂಡಿನಲ್ಲಿ ಹಸಿರೇ ಇಲ್ಲದ ಕಾರಣ ತನ್ನ ಅನ್ನವನ್ನು ತಾನು ಬೇಯಿಸಿಕೊಳ್ಳಲಾರದು. ಕೆಳಗಿನ ಹಸಿರು ಕಂಬವೇ ಅದನ್ನು ಸಾಕಬೇಕು. ಜಪಾನಿನಲ್ಲಿ ೧೯೪೦ರ ದಶಕದಲ್ಲಿ ಬಳಕೆಗೆ ಬಂದ ವಿದ್ಯೆ ಇದು. ನೋಡಲು ಚೆಂದ, ಆದರೆ ಬಹುಮಟ್ಟಿಗೆ ಕೆಲವೇ ವರ್ಷಗಳ ಬಾಳು. ಮೊದಲ ಸಲ ಸಾಕುವವರು ಇದನ್ನು ಬಿಟ್ಟು ಪೂರ್ತಿ ಹಸಿರಾದುದನ್ನೇ ಕೊಳ್ಳಲಿ. ಎಕಿನಾಪ್ಸಿಸ್, ಮ್ಯಾಮಿಲೇರಿಯ ಇವು ಗಟ್ಟಿ ಜಾತಿಗಳು. ಇನ್ನು ಕೆಲವರು ಒಣಗಿದ ಬಣ್ಣದ ಹೂವನ್ನು ಗೋಂದಿನಿಂದ ಕಳ್ಳಿಯ ನೆತ್ತಿಗೆ ಅಂಟಿಸಿ ಮಾರುತ್ತಾರೆ. ಎರಡು ತಿಂಗಳಾದರೂ ಬಾಡದ ಹೂವೆಂದರೆ ಸಂಶಯ ಪಡಬೇಕು!

ಚಿಕ್ಕ ಮಕ್ಕಳಿರುವವರು ಪಾಪಾಸುಕಳ್ಳಿಯ ಜಾತಿಯನ್ನು ತರದಿರುವುದು ಒಳ್ಳೆಯದು. ಅದರ ಚುಕ್ಕೆಗಳಲ್ಲಿರುವ ಕೂದಲಿನಂಥ ಸಣ್ಣ ಮುಳ್ಳುಗಳು ಮುಟ್ಟಿದೊಡನೆ ಚರ್ಮಕ್ಕೆ ನಾಟುತ್ತವೆ. ನಾಟಿದರೆ ಉಜ್ಜಬಾರದು, ಅಂಟುವ ಟೇಪನ್ನು ಒತ್ತಿ ಎಳೆದು, ಉಳಿದುದನ್ನು ಚಿಮಟಿಗೆಯಿಂದ ತೆಗೆಯಬೇಕು.

ಕಳ್ಳಿಗೆ ಬರುವ ಮುಖ್ಯ ಪೀಡೆ ಹಿಟ್ಟುತಿಗಣೆ. ಏಣುಗಳ ಸಂದಿಯಲ್ಲಿ ಬಿಳಿಯ ಹತ್ತಿಯಂತೆ ಕಾಣುತ್ತದೆ. ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಒರೆಸಿ, ವಾರಕ್ಕೊಮ್ಮೆಯಂತೆ ಮೂರು ನಾಲ್ಕು ಸಲ ಮಾಡಿದರೆ ಹೋಗುತ್ತದೆ. ಬುಡ ಮೆತ್ತಗಾಗಿ ಕೊಳೆಯಲು ತೊಡಗಿದ್ದರೆ ಧೈರ್ಯವಾಗಿ ಕತ್ತರಿಸಬೇಕು. ಸ್ಪಿರಿಟ್ಟಿನಲ್ಲಿ ಒರೆಸಿದ ಚಾಕುವಿನಿಂದ, ಒಳಗೆ ಕಂದುಬಣ್ಣ ಸ್ವಲ್ಪವೂ ಕಾಣದ ಮಟ್ಟದವರೆಗೆ ಕತ್ತರಿಸುತ್ತ ಹೋಗಿ, ಉಳಿದ ತಲೆಯನ್ನು ಎಂಟು ಹತ್ತು ದಿನ ನೆರಳಿನಲ್ಲಿ ಒಣಗಿಸಿ, ಒಣ ಮರಳಿನ ಮೇಲೆ ಕೂರಿಸಿದರೆ ಕೆಲವು ವಾರಗಳಲ್ಲಿ ಹೊಸ ಬೇರು ಬಿಡುತ್ತದೆ.

ಗಣಕಯಂತ್ರದ ಪಕ್ಕದಲ್ಲಿ ಕಳ್ಳಿಯನ್ನಿಟ್ಟರೆ ಅದು ಕೆಟ್ಟ ಕಿರಣಗಳನ್ನು ಹೀರುತ್ತದೆ ಎಂದು ಹೇಳುವವರಿದ್ದಾರೆ. ಇದಕ್ಕೆ ಆಧಾರವಿಲ್ಲ. ಮುಳ್ಳಿನ ಗಿಡ ಮನೆಯಲ್ಲಿದ್ದರೆ ಜಗಳವಾಗುತ್ತದೆಂಬ ಇನ್ನೊಂದು ಮಾತಿದೆ. ನಮ್ಮ ಮನೆಯಲ್ಲಿ ಕಳ್ಳಿಯ ಕಾರಣದಿಂದ ಒಂದು ಜಗಳವಾದುದು ನಿಜವೇ. ಆದರೆ ಅಪರಾಧ ಕಳ್ಳಿಯದಲ್ಲವೆಂದು ಆಗಲೇ ಒಪ್ಪಿಕೊಂಡಿದ್ದೇವೆ.

ಕಳ್ಳಿಗಳ ವೈವಿಧ್ಯವನ್ನು ಕಣ್ಣಾರೆ ನೋಡಬೇಕೆನ್ನುವ ದೆಹಲಿಯ ಬಂಧುಗಳು ಚಂಡೀಗಢದ ಮಗ್ಗುಲಿನ ಪಂಚಕೂಲಕ್ಕೆ ಒಮ್ಮೆ ಹೋಗಿಬರಬಹುದು. ೧೯೮೭ರಲ್ಲಿ ಆರಂಭವಾದ ಅಲ್ಲಿಯ ಕಳ್ಳಿಗಳ ತೋಟ ಏಳು ಎಕರೆಯಷ್ಟು ವಿಸ್ತಾರವಾಗಿದೆ.

ನೂರು ದಿನ

೨೦೨೦ರ ಯುಗಾದಿ ಮಾರ್ಚ್ ೨೫ರಂದು ಬಂದಿತು. ಹಬ್ಬಕ್ಕೆಂದು ನಾವೆಲ್ಲರೂ ಮಾರ್ಚ್ ೨೦ರಂದು ಊರಿಗೆ ಹೊರಟೆವು; ಒಂದು ವಾರದ ರಜೆ. ಆಮೇಲೆ ಏನಾಯಿತೆಂಬುದು ಎಲ್ಲರಿಗೂ ತಿಳಿದದ್ದೇ. ಯುಗಾದಿಯ ದಿನವೇ ಕೊರೋನಾದ ದೇಶವ್ಯಾಪಿ ದಿಗ್ಬಂಧನ ಆರಂಭವಾಗಿ, ರೈಲು ಬಸ್ಸು ನಿಂತು, ನಾವು ಹಳ್ಳಿಯಲ್ಲಿಯೇ ಉಳಿದೆವು. ಕಚೇರಿಯ ಕರೆ ಬಂದು ಡೊಂಬಿವಲಿಯ ಮನೆಯ ಬೀಗ ತೆರೆದದ್ದು ಜೂನ್ ೨೮ರಂದು. ಎಣಿಸಿದರೆ ಸರಿಯಾಗಿ ನೂರು ದಿನ. ಅವ್ವ ನಮ್ಮೊಡನೆ ಬರಲಿಲ್ಲ. "ನಾ ಇಲ್ಲೇ ಇರತೀನಿ. ಅಲ್ಲಿ ನನಗೇನ ಕೆಲಸ ಅದ?" ಎಂದುಬಿಟ್ಟಿದ್ದಳು. ನಮ್ಮಲ್ಲಿ ಉತ್ತರವಿರಲಿಲ್ಲ.

ಕಿಟಕಿಯ ತುಳಸಿ, ಮಲ್ಲಿಗೆ, ಗುಲಾಬಿ ಎಲ್ಲವೂ ಕಡ್ಡಿಯಾಗಿದ್ದವು. ಮುಚ್ಚಿದ ಗಾಜಿನ ಒಳಗೆ, ಅವ್ವ ನೆಟ್ಟ ಕಳ್ಳಿಯ ಮರಿ ಮಾತ್ರ ಇತ್ತು. ಏಣುಗಳು ಮಡಿಚಿಕೊಂಡು, ಮೈ ಸುಕ್ಕುಗಟ್ಟಿ, ಅರ್ಧಕ್ಕೆ ಇಳಿದಿತ್ತು. ಆದರೆ ನೆತ್ತಿ ಹಸಿರಾಗಿತ್ತು. ನೀರು ಹಾಕಿದೆವು. ಒಂದು ವಾರದಲ್ಲಿ ಸುಕ್ಕು ಬಿಚ್ಚಿ ಮೊದಲಿನಂತಾಯಿತು. ಅದರ ಎರಡು ಚಿತ್ರಗಳನ್ನು ತೆಗೆದು ಊರಿಗೆ ಕಳಿಸಿದೆವು. ರಾತ್ರಿ ಅವ್ವನ ಫೋನು ಬಂದಿತು. "ನೂರ ದಿನಾ ಒಂದ ಹನಿ ಇಲ್ಲದ?" ಎಂದು ನಾಲ್ಕು ಸಲ ಕೇಳಿದಳು. ಆಮೇಲೆ, "ಈಗ ಮಳಿ ಹಿಡದಿರಬೇಕಲ್ಲ. ನೀವು ಮತ್ತ ನೀರ ಹಾಕಿ ಕೊಂದೀರಿ. ನಾ ಬರೂತನಾ ಮುಟ್ಟಬ್ಯಾಡ್ರಿ" ಎಂದಳು.

ದೀಪಾವಳಿಗೆ ನೋಡಿಹೋಗಲೆಂದು ಬಂದವಳು ಇಲ್ಲಿಯೇ ಇದ್ದಾಳೆ. ಅದಕ್ಕೆ ಕಳ್ಳಿಯೇ ಕಾರಣವೆಂದು ಹೇಳಿದರೆ ಉತ್ಪ್ರೇಕ್ಷೆಯಾದೀತು; ಮೊಮ್ಮಗಳೂ ಇದ್ದಾಳಷ್ಟೆ.

೨೦೨೩ರ ಏಪ್ರಿಲಿನಲ್ಲಿ ಅದು ಮೊದಲ ಸಲ ಹೂ ಬಿಟ್ಟಿತು. ಮೈಯ ಮಗ್ಗುಲಿನ ಒಂದು ಚುಕ್ಕೆಯಿಂದ ಗೇಣುದ್ದದ ಕೊಳವೆ ಹೊರಟು, ಒಂದು ಸಂಜೆ ದೀಪ ಹಚ್ಚುವ ಹೊತ್ತಿಗೆ ತಿಳಿಗುಲಾಬಿ ಬಣ್ಣದಲ್ಲಿ ಅರಳಿ, ಮರುದಿನ ಸಂಜೆಗೆ ಬಾಡಿತು. ಚಳಿಗಾಲದಲ್ಲಿ ಒಣ ಮಣ್ಣಿನಲ್ಲಿ ವಿಶ್ರಾಂತಿ ದೊರೆತು, ಬೇಸಿಗೆಯ ಬಿಸಿಲು ಬಿದ್ದರೆ ಹೂ ಬರುತ್ತದೆಂದು ತಿಳಿದವರು ಹೇಳುತ್ತಾರೆ. ಆ ಒಂದು ರಾತ್ರಿ ಮಹಡಿಯ ಮರಾಠಿ, ಗುಜರಾತಿ, ತಮಿಳು ಮನೆಯವರೆಲ್ಲ ಬಂದು ನೋಡಿ ಹೋದರು. ಅವರಿಗೆಲ್ಲ ಅವ್ವ ಯಾವ ಭಾಷೆಯಲ್ಲಿ ವಿವರಿಸಿದಳೋ ನಮಗೆ ತಿಳಿಯದು, ಆದರೆ ಕಸಬರಿಗೆ ಕಡ್ಡಿಯನ್ನು ಚುಚ್ಚಿ ತೋರಿಸುತ್ತಿದ್ದುದನ್ನು ಮಾತ್ರ ಕಂಡೆವು.

ಈಗ ಆ ಕಳ್ಳಿಯ ಬುಡದಲ್ಲಿ ಏಳು ಮರಿಗಳಿವೆ. ಸಂಘದ ಮುಂದಿನ ಕೂಟಕ್ಕೆ ಅವನ್ನು ತರುತ್ತೇವೆ. ಬೇಕಾದವರು ಒಂದೊಂದು ಒಯ್ಯಬಹುದು; ಬೆಲೆಯೇನೂ ಇಲ್ಲ. ಕುಂಡವನ್ನು ಮಾತ್ರ ನೀವೇ ತರಬೇಕು, ಮತ್ತು ಅದಕ್ಕೆ ತೂತಿರಬೇಕು. ತೂತಿಲ್ಲದ ಕುಂಡ ತಂದವರಿಗೆ ಮರಿಯನ್ನು ಕೊಡಬಾರದೆಂದು ಅವ್ವನ ಕಟ್ಟಪ್ಪಣೆಯಾಗಿದೆ.